ಮೆಟ್ಟಿಲ ಕೆಳಗಿನ ಪೆಟ್ಟಿಗೆ

ಬ್ರಿಟನ್ನಿನ ಮನೆಗಳಲ್ಲಿ 2016ರ ಜನವರಿ 1ರಿಂದ ಹೊಸದಾಗಿ ಬರಿಯ ಪ್ಲಾಸ್ಟಿಕ್ ಫ್ಯೂಸ್ ಪೆಟ್ಟಿಗೆ ಕೂರಿಸುವಂತಿಲ್ಲ. ವೈರಿಂಗ್ ಕೆಲಸಕ್ಕೆ ಅಲ್ಲಿ ಆಧಾರವಾದ ಬಿಎಸ್ 7671 ಮಾನದಂಡಕ್ಕೆ 2015ರಲ್ಲಿ ಬಂದ ಮೂರನೆಯ ತಿದ್ದುಪಡಿ 421.1.201 ಎಂಬ ಪುಟ್ಟ ನಿಯಮವೊಂದನ್ನು ಸೇರಿಸಿತು: ಪೆಟ್ಟಿಗೆಯ ಹೊರಮೈ ಉರಿಯದ ವಸ್ತುವಿನದಾಗಿರಬೇಕು, ಇಲ್ಲವೇ ಪೆಟ್ಟಿಗೆಯನ್ನು ಅಂಥ ವಸ್ತುವಿನ ಗೂಡಿನೊಳಗೆ ಇಡಬೇಕು. ಉರಿಯದ ವಸ್ತು ಯಾವುದೆಂದು ವ್ಯಾಖ್ಯಾನಿಸುವ ಗೋಜಿಗೆ ಅದು ಹೋಗಲಿಲ್ಲ. ಉದಾಹರಣೆಗೆ ಉಕ್ಕು ಎಂದು ಹೇಳಿ ಸುಮ್ಮನಾಯಿತು. ಅಂಗಡಿಗಳಿಂದ ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆಗಳು ಮರೆಯಾಗಿ ತಗಡಿನವು ಬಂದವು. ಇದನ್ನು ಕೆಟ್ಟ ಪ್ಲಾಸ್ಟಿಕ್ ಹೋಗಿ ಒಳ್ಳೆಯ ಉಕ್ಕು ಬಂದ ಕಥೆಯಾಗಿ ಹೇಳುವುದು ರೂಢಿ. ಆದರೆ ಈ ಪೆಟ್ಟಿಗೆಯ ನೂರಮೂವತ್ತು ಚಿಲ್ಲರೆ ವರ್ಷಗಳ ಚರಿತ್ರೆಯನ್ನು ನೋಡಿದರೆ ಕಥೆ ಅಷ್ಟು ಸರಳವಲ್ಲ. ಮನೆಗೆ ಬಂದ ವಿದ್ಯುತ್ತಿನ ಜೊತೆ ಎರಡು ಭಯಗಳು ಬಂದವು, ಒಂದು ಬೆಂಕಿಯದು, ಇನ್ನೊಂದು ಶಾಕಿನದು. ಯಾವ ಕಾಲದಲ್ಲಿ ಯಾವ ಭಯ ಮೇಲಾಯಿತೋ ಅದಕ್ಕೆ ತಕ್ಕಂತೆ ಪೆಟ್ಟಿಗೆಯ ಮೈ ಬದಲಾಯಿತು. ಉಕ್ಕಿನ ನಿಯಮ ಸರಿಯೇ ಎಂಬುದು ನನ್ನ ವಾದ, ಆದರೆ ಅದು ಸರಿಯಾಗಿರುವುದಕ್ಕೆ ಪ್ಲಾಸ್ಟಿಕ್ ಕಾರಣವಲ್ಲ.

ಮೊದಲು ಬಂದದ್ದು ಬೆಂಕಿಯ ಭಯ. ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ವಿದ್ಯುತ್ ದೀಪ ಬೆಳಗಿದ್ದು 1881ರಲ್ಲಿ. ಮರುವರ್ಷವೇ ಫೀನಿಕ್ಸ್ ಎಂಬ ಅಗ್ನಿವಿಮೆ ಕಂಪನಿಯ ಮಸ್‌ಗ್ರೇವ್ ಹೀಫಿ ವೈರಿಂಗಿಗೆ ನಿಯಮಗಳನ್ನು ಬರೆದರು. ಅದೇ 1882ರ ಜೂನಿನಲ್ಲಿ ಟೆಲಿಗ್ರಾಫ್ ಎಂಜಿನಿಯರುಗಳ ಸಂಘವೂ ತನ್ನ ನಿಯಮಗಳನ್ನು ಹೊರಡಿಸಿತು. ಇಂದಿನ ಬಿಎಸ್ 7671ರ ಮೂಲಪುರುಷ ಆ ಪುಸ್ತಿಕೆಯೇ. ಅದರ ಹೆಸರಿನಲ್ಲೇ ಇದ್ದದ್ದು ವಿದ್ಯುತ್ ದೀಪದಿಂದಾಗುವ ಬೆಂಕಿ ಅನಾಹುತದ ತಡೆ. ಜೀವಕ್ಕಿಂತ ಮೊದಲು ಆಸ್ತಿಯ ಚಿಂತೆ ಎಂದು ಯಾರಾದರೂ ಕೊಂಕು ನುಡಿಯಬಹುದು. ಆದರೆ ವಿಮೆಯವರು ದುಡ್ಡು ಕಟ್ಟಬೇಕಾದಾಗ ತಪಾಸಣೆ ಚುರುಕಾಗುವುದು ಲೋಕರೂಢಿ. ಸೋಜಿಗವೆಂದರೆ ಬೆಂಕಿಗೆ ಇಷ್ಟು ಅಂಜಿದ ಆ ಕಾಲದವರು ತಂತಿಗಳನ್ನು ಎಳೆದದ್ದು ಮರದ ಪಟ್ಟಿಗಳೊಳಗೆ, ಫ್ಯೂಸುಗಳನ್ನು ಇಟ್ಟದ್ದು ಗಾಜಿನ ಬಾಗಿಲಿನ ಮರದ ಪೆಟ್ಟಿಗೆಗಳೊಳಗೆ. ಆದರೂ ಬಿಸಿಯಾಗುವ ಭಾಗ ಮರಕ್ಕೆ ತಾಗದಂತೆ ಅದನ್ನು ಸ್ಲೇಟ್ ಕಲ್ಲಿನ ಮೇಲೋ ಪಿಂಗಾಣಿಯ ಮೇಲೋ ಕೂರಿಸುವ ವಿವೇಕ ಅವರಿಗಿತ್ತು. ನಮ್ಮ ಹಳೆಯ ಮನೆಗಳಲ್ಲಿ ಈಗಲೂ ಅಲ್ಲಲ್ಲಿ ಉಳಿದಿರುವ ಮರದ ಮೀಟರ್ ಬೋರ್ಡು, ಕೇಸಿಂಗ್-ಕ್ಯಾಪಿಂಗ್ ಪಟ್ಟಿ, ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು ಇದೇ ವಂಶದವು.

ಎರಕದ ಕಬ್ಬಿಣದ ಪೆಟ್ಟಿಗೆಗಳೂ ಬಳಕೆಗೆ ಬಂದವು. ಬೆಂಕಿಗೆ ಅವು ಜಗ್ಗುವಂಥವಲ್ಲ, ಆದರೆ ಒಳಗಿನ ತಂತಿ ಸರಿದು ಮೈಗೆ ತಾಗಿತೆಂದರೆ ಇಡೀ ಪೆಟ್ಟಿಗೆಯೇ ಶಾಕ್ ಹೊಡೆಯುವ ವಸ್ತು. ಅದನ್ನು ತಪ್ಪಿಸಲು ಗಟ್ಟಿಯಾದ ಅರ್ಥಿಂಗ್ ಬೇಕು. ಅದು ಎಲ್ಲ ಮನೆಗಳಲ್ಲೂ ನೆಟ್ಟಗಿರಲಿಲ್ಲ. ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಕಂಡುಹಿಡಿದ ಬೇಕಲೈಟ್ ಈ ಸಮಸ್ಯೆಗೆ ಹೇಳಿ ಮಾಡಿಸಿದಂತಿತ್ತು. ಅದರಲ್ಲಿ ವಿದ್ಯುತ್ ಹರಿಯದು. ಒಮ್ಮೆ ಅಚ್ಚಿನಲ್ಲಿ ಗಟ್ಟಿಯಾದರೆ ಮತ್ತೆ ಕರಗದು. ಅತಿ ಬಿಸಿಗೆ ಇದ್ದಿಲಾದೀತೇ ಹೊರತು ತೊಟ್ಟಿಕ್ಕದು. ಎರಡನೆಯ ಮಹಾಯುದ್ಧದ ನಂತರ ಮನೆಗಳಲ್ಲಿ ರಿಂಗ್ ಸರ್ಕ್ಯೂಟ್, 1947ರ ಮಾನದಂಡದ ಮೂರು ಚಪ್ಪಟೆ ಪಿನ್ನಿನ ಪ್ಲಗ್ಗು ಬಂದವು. ಮೇನ್ ಸ್ವಿಚ್ಚೂ ಫ್ಯೂಸುಗಳೂ ಒಂದೇ ಪುಟ್ಟ ಪೆಟ್ಟಿಗೆಗೆ ಸೇರಿದವು. ಆ ಕಾಲದ ವೈಲೆಕ್ಸ್ ಪೆಟ್ಟಿಗೆಯನ್ನು ಬ್ರಿಟನ್ನಿನ ಹಿರಿಯರು ಇಂದಿಗೂ ಗುರುತಿಸಿಯಾರು: ಹಿಂದೆ ಮರದ ಚೌಕಟ್ಟು, ಮುಂದೆ ಕಂದು ಮುಚ್ಚಳ, ಒಳಗೆ ಬಣ್ಣದ ಚುಕ್ಕೆಯ ಫ್ಯೂಸುಗಳು, ಬಿಳಿ 5 ಆಂಪಿಯರ್, ನೀಲಿ 15, ಹಳದಿ 20, ಕೆಂಪು 30. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೇಕಲೈಟಿನ ಜಾಗಕ್ಕೆ ಬಿಸಿಗೆ ಮೆತ್ತಗಾಗುವ ಜಾತಿಯ ಬಿಳಿ ಪ್ಲಾಸ್ಟಿಕ್ ಬಂತು. ಅಗ್ಗ, ಹಗುರ, ಶಾಕಿನ ಭಯವೂ ಇಲ್ಲ. ಎರಡು ಪ್ಲಾಸ್ಟಿಕ್‌ಗಳ ನಡುವಿನ ಈ ವ್ಯತ್ಯಾಸವನ್ನು ಕೊಳ್ಳುವವರು ಕೇಳಲಿಲ್ಲ, ಮಾರುವವರು ಹೇಳಲಿಲ್ಲ.

ಹಾಗೆಂದು ಆ ಪ್ಲಾಸ್ಟಿಕ್ ಪರೀಕ್ಷೆಯಿಲ್ಲದೆ ಮನೆ ಹೊಕ್ಕಿತೆಂದಲ್ಲ. ಕೆಂಪಗೆ ಕಾದ ತಂತಿಯನ್ನು ಮೂವತ್ತು ಸೆಕೆಂಡು ಒತ್ತಿ ಹಿಡಿದು, ತೆಗೆದ ಮೇಲೆ ಜ್ವಾಲೆ ಮೂವತ್ತು ಸೆಕೆಂಡಿನೊಳಗೆ ತಾನಾಗಿ ಆರುತ್ತದೆಯೇ ಎಂದು ನೋಡುವ ಪರೀಕ್ಷೆಯೊಂದಿದೆ. ಇಂಥ ಪೆಟ್ಟಿಗೆಗಳ ಅಂತರರಾಷ್ಟ್ರೀಯ ಮಾನದಂಡದಲ್ಲಿ, ವಿದ್ಯುತ್ ಹರಿಯುವ ಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ಕಿಗೆ ಆ ತಂತಿಯ ಬಿಸಿ 960 ಡಿಗ್ರಿ ಸೆಲ್ಸಿಯಸ್. ಬರಿಯ ಹೊರಮೈಗೆ 650 ಸಾಕು. ಪರೀಕ್ಷೆಯ ದೋಷ ಅದರ ಅಂಕಿಯಲ್ಲಿಲ್ಲ, ಅವಧಿಯಲ್ಲಿದೆ. ನಿಜವಾದ ಪೆಟ್ಟಿಗೆಯೊಳಗೆ ಬಿಸಿ ಅರ್ಧ ನಿಮಿಷದ ಅತಿಥಿಯಲ್ಲ. ಸಡಿಲವಾದ ಒಂದು ಸ್ಕ್ರೂ ಇದ್ದರೆ ಅದು ತಿಂಗಳುಗಟ್ಟಲೆ ಬಂದು ಹೋಗುತ್ತಿರುತ್ತದೆ.

ನಮ್ಮ ವೈರ್‌ಮನ್‌ಗಳು ಲೂಸ್ ಕನೆಕ್ಷನ್ ಎಂದು ಎರಡು ಮಾತಿನಲ್ಲಿ ಮುಗಿಸುವ ಈ ಸಂಗತಿಯೇ ಇಡೀ ಪ್ರಕರಣದ ತಿರುಳು. ಬ್ರಿಟನ್ನಿನ ಎಷ್ಟೋ ಮನೆಗಳ ಸ್ನಾನದ ಶವರ್ ನೀರನ್ನು ಅಲ್ಲೇ ಕಾಯಿಸುವಂಥದ್ದು, 9.5 ಕಿಲೋವಾಟಿನದಾದರೆ 230 ವೋಲ್ಟಿಗೆ ಸುಮಾರು 41 ಆಂಪಿಯರ್ ಎಳೆಯುತ್ತದೆ. ತಂತಿ ಸ್ಕ್ರೂವಿನಡಿ ಸರಿಯಾಗಿ ಕೂರದೆ ಅಲ್ಲಿ ಒಂದು ಓಮಿನ ಹತ್ತರಲ್ಲೊಂದು ಪಾಲು ಅಡ್ಡಿಯಾಯಿತೆನ್ನಿ. ಕರೆಂಟನ್ನು ಅದರಿಂದಲೇ ಗುಣಿಸಿ ಅಡ್ಡಿಯಿಂದ ಮತ್ತೆ ಗುಣಿಸಿದರೆ ಸುಮಾರು 168 ವಾಟ್. ಅಷ್ಟು ಶಾಖ ಹುಟ್ಟುವುದು ಬೆರಳ ತುದಿಯಷ್ಟು ಜಾಗದಲ್ಲಿ. ತಾಮ್ರ ಕಾಯುತ್ತದೆ, ಅದರ ಮೇಲೆ ಆಕ್ಸೈಡ್ ಪೊರೆ ಬೆಳೆಯುತ್ತದೆ, ಅಡ್ಡಿ ಹೆಚ್ಚುತ್ತದೆ, ಶಾಖ ಇನ್ನೂ ಏರುತ್ತದೆ. ಫ್ಯೂಸಿನ ಜಾಗಕ್ಕೆ ಬಂದ ಎಂಸಿಬಿ ಸ್ವಿಚ್ಚು ಏಕೆ ಟ್ರಿಪ್ ಆಗಲಿಲ್ಲ ಎಂದು ಸುಟ್ಟ ಮನೆಯವರು ಕೇಳುವುದು ಸಹಜ. ಹರಿಯುತ್ತಿರುವುದು 41 ಆಂಪಿಯರೇ. ಎಂಸಿಬಿಯ ಲೆಕ್ಕದಲ್ಲಿ ಎಲ್ಲವೂ ಕ್ಷೇಮ. ಶಾಕಿನಿಂದ ಕಾಯುವ ಆರ್‌ಸಿಡಿ ಎಂಬ ಸಾಧನ ನೋಡುವುದು ಹೋದ ಕರೆಂಟು ಪೂರ್ತಿ ಹಿಂದಿರುಗಿತೇ ಎಂದು. ಹಿಂದಿರುಗಿದೆ, ಅದೂ ಸುಮ್ಮನಿರುತ್ತದೆ.

ಲಂಡನ್ ಅಗ್ನಿಶಾಮಕ ದಳದ ತನಿಖೆಗಾರರು ಮನೆಗಳ ಈ ಪೆಟ್ಟಿಗೆಗಳಿಂದ ಹೊತ್ತಿದ ಬೆಂಕಿಗಳು ಹೆಚ್ಚುತ್ತಿರುವುದನ್ನು ಗಮನಿಸಿ ಉದ್ಯಮದವರ ಗಮನಕ್ಕೆ ತಂದಾಗ ಮುಖ್ಯ ಕಾರಣವಾಗಿ ಕಂಡದ್ದು ಸಡಿಲ ಜೋಡಣೆಯೇ. ಪ್ಲಾಸ್ಟಿಕ್ ಕಿಡಿ ಹಚ್ಚಲಿಲ್ಲ, ಹತ್ತಿದ ಕಿಡಿಗೆ ಉರುವಲಾಯಿತು. ಸಡಿಲ ಸ್ಕ್ರೂ ಹಿಂದೆಯೂ ಇತ್ತಲ್ಲ ಎಂದರೆ, ಪೆಟ್ಟಿಗೆಯ ಒಳಗೇ ಉತ್ತರವಿದೆ. ಹಳೆಯ ಪೆಟ್ಟಿಗೆಯಲ್ಲಿ ನಾಲ್ಕಾರು ಫ್ಯೂಸು, ಒಂದು ಮೇನ್ ಸ್ವಿಚ್ಚು. ವೈರಿಂಗ್ ನಿಯಮಗಳ 2008ರ ಹದಿನೇಳನೆಯ ಆವೃತ್ತಿ ಆರ್‌ಸಿಡಿ ರಕ್ಷಣೆಯನ್ನು ಮನೆಯ ಬಹುಪಾಲು ಸರ್ಕ್ಯೂಟುಗಳಿಗೆ ಹರಡಿದ ಮೇಲೆ, ಒಂದೇ ಪೆಟ್ಟಿಗೆಯಲ್ಲಿ ಎರಡು ಆರ್‌ಸಿಡಿ, ಹತ್ತು ಹನ್ನೆರಡು ಎಂಸಿಬಿ, ಅವನ್ನು ಬೆಸೆಯುವ ತುಂಡು ತಂತಿಗಳು ಸೇರಿದವು. ಸ್ಕ್ರೂಗಳು ಹಲವು ಪಟ್ಟಾದವು. ಶಾಕಿನಿಂದ ಜೀವ ಉಳಿಸಲು ಬಂದ ಸಾಧನವೇ ಬೆಂಕಿಗೆ ಹೊಸ ಮೂಲೆಗಳನ್ನು ತೆರೆಯಿತು ಎಂಬುದು ಕಹಿಯಾದರೂ ಹೇಳಬೇಕಾದ ಮಾತು. ಸಾಲದ್ದಕ್ಕೆ ಎಂಸಿಬಿಯ ಕೆಳಗಿನ ಕ್ಲಾಂಪಿನೊಳಗೆ ಸೇರಬೇಕಾದ, ಕರೆಂಟು ಹಂಚುವ ಲೋಹದ ಪಟ್ಟಿಯಾದ ಬಸ್‌ಬಾರಿನ ಹಲ್ಲು ಅದರ ಹಿಂದಕ್ಕೆ ಜಾರಿದರೆ, ಸ್ಕ್ರೂ ಬಿಗಿಯಾಗಿಯೇ ತಿರುಗುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಪೆಟ್ಟಿಗೆ ಇದ್ದ ಜಾಗವೂ ಎಡವಟ್ಟಿನದು: ಬಹಳ ಮನೆಗಳಲ್ಲಿ ಅದು ಮರದ ಮೆಟ್ಟಿಲ ಕೆಳಗೆ, ಕೋಟು, ರಟ್ಟಿನ ಡಬ್ಬ, ವ್ಯಾಕ್ಯೂಮ್ ಕ್ಲೀನರುಗಳ ನಡುವೆ. ಮಹಡಿಯಲ್ಲಿ ಮಲಗಿದವರಿಗೆ ಹೊರಬರಲು ಇರುವ ದಾರಿಯೂ ಅದೇ ಮೆಟ್ಟಿಲು.

ಹಾಗಾದರೆ ಸ್ಕ್ರೂ ಬಿಗಿ ಮಾಡಿಸದೆ ಪೆಟ್ಟಿಗೆ ಬದಲಿಸುವುದೇಕೆ ಎಂಬ ಆಕ್ಷೇಪ ಎಲೆಕ್ಟ್ರಿಷಿಯನ್ನರ ನಡುವೆ ಜೋರಾಗಿಯೇ ಎದ್ದಿತು. ಅದರಲ್ಲಿ ಹುರುಳಿದೆ, ಟಾರ್ಕ್ ಅಳೆಯುವ ಸ್ಕ್ರೂಡ್ರೈವರಿನಿಂದ, ತಯಾರಕರು ಹೇಳಿದಷ್ಟೇ ಬಿಗಿಯುವ ಶಿಸ್ತು ಎಲ್ಲರಿಗೂ ಇದ್ದಿದ್ದರೆ ಈ ನಿಯಮ ಬೇಕಾಗುತ್ತಿರಲಿಲ್ಲವೇನೋ. ಆದರೆ ಕೋಟಿಗಟ್ಟಲೆ ಮನೆಗಳ ಒಂದೊಂದು ಸ್ಕ್ರೂವನ್ನೂ ನಿಯಮ ತಲುಪಲಾರದು, ಕಾರ್ಖಾನೆಯಿಂದ ಹೊರಡುವ ಪೆಟ್ಟಿಗೆಯನ್ನು ತಲುಪಬಲ್ಲದು. ತಪ್ಪು ನಡೆದೇ ನಡೆಯುತ್ತದೆಂದು ಒಪ್ಪಿ ಅದರ ಫಲವನ್ನು ಪೆಟ್ಟಿಗೆಯೊಳಗೇ ಕಟ್ಟಿಹಾಕುವುದು 1882ರ ವಿಮೆಯವನ ತರ್ಕವೇ. ಉಕ್ಕು ಅದನ್ನು ಪೂರ್ತಿ ಸಾಧಿಸುವುದೂ ಇಲ್ಲ: ತಂತಿ ಬರುವ ತೂತುಗಳನ್ನು ಸರಿಯಾಗಿ ಮುಚ್ಚದಿದ್ದರೆ ಜ್ವಾಲೆಗೆ ಅದೇ ಬಾಗಿಲು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಲೋಹ ಬಂತೆಂದರೆ ಶಾಕಿನ ಭಯವೂ ಮರಳಿ ಬಂತು. ಹಳ್ಳಿಗಾಡಿನ ಎಷ್ಟೋ ಮನೆಗಳಲ್ಲಿ ಅರ್ಥಿಂಗ್ ಎಂದರೆ ನೆಲಕ್ಕೆ ಬಡಿದ ಸರಳು. ಅದರ ಅಡ್ಡಿ 100 ಓಮ್ ಎಂದಿಟ್ಟುಕೊಳ್ಳಿ. ಮೀಟರಿನಿಂದ ಬರುವ ದಪ್ಪ ತಂತಿ ಆರ್‌ಸಿಡಿಗೆ ಮುಂಚೆಯೇ ಪೆಟ್ಟಿಗೆಯ ಮೈಗೆ ತಾಗಿದರೆ ಹರಿಯುವುದು 2.3 ಆಂಪಿಯರ್. ವಿದ್ಯುತ್ ಕಂಪನಿಯ 100 ಆಂಪಿಯರ್ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ, ಪೆಟ್ಟಿಗೆ ಮಾತ್ರ ಕರೆಂಟು ಹೊತ್ತು ಕಾಯುತ್ತಿರುತ್ತದೆ. ಇದಕ್ಕೆ ಉಪಾಯಗಳಿವೆ: ತಂತಿ ಒಳಬರುವ ಕಡೆ ಅಲುಗದಂತೆ ಬಿಗಿಹಿಡಿತ, ಚೂಪು ಅಂಚು ತಾಗದಂತೆ ಇನ್ಸುಲೇಟೆಡ್ ಬುಷ್, ಬೇಕಿದ್ದರೆ ಮೊದಲೇ ಬೇರೊಂದು ಆರ್‌ಸಿಡಿ. ಎಲ್ಲವೂ ಕೆಲಸಗಾರನ ಕೈ ಮೇಲೆ ನಿಂತವು. ಹಾಗಾಗಿ ಸರಳಿನ ಅರ್ಥಿಂಗ್ ಇರುವ ಮನೆಯ ಮಟ್ಟಿಗೆ ಈ ನಿಯಮ ಒಂದು ಅಪಾಯವನ್ನು ಕೊಟ್ಟು ಇನ್ನೊಂದನ್ನು ಪಡೆದಂತೆ; ಉಳಿದ ಬಹುಸಂಖ್ಯೆಯ ಮನೆಗಳಲ್ಲಿ ಲಾಭ ಸ್ಪಷ್ಟ. ಯುರೋಪಿನ ಬೇರೆ ದೇಶಗಳು ಇಂಥ ನಿಯಮ ತಂದಿಲ್ಲವಲ್ಲ ಎಂಬ ವಾದವೂ ಇದೆ. ಹೌದು, 201 ಎಂಬ ಕೊನೆಯ ಅಂಕೆಯೇ ಇದು ಬ್ರಿಟನ್ನಿನದೇ ಸೇರ್ಪಡೆ ಎಂಬುದರ ಗುರುತು. ಮೆಟ್ಟಿಲ ಕೆಳಗೆ ಪೆಟ್ಟಿಗೆ ಇಡುವ ಅಭ್ಯಾಸವಿರುವ ದೇಶ ತನ್ನ ಮನೆಗೆ ತಕ್ಕ ನಿಯಮ ಮಾಡಿಕೊಂಡಿತು, ಅಷ್ಟೇ.

ನಿಯಮ ಹಿಂದಿನದಕ್ಕೆ ಅನ್ವಯಿಸುವುದಿಲ್ಲವಾದ್ದರಿಂದ ಪ್ಲಾಸ್ಟಿಕ್ ಪೆಟ್ಟಿಗೆಗಳು ಈಗಲೂ ಅಸಂಖ್ಯ ಗೋಡೆಗಳ ಮೇಲಿವೆ. ಬಿಗಿಯಾದ ಸ್ಕ್ರೂಗಳ ಪ್ಲಾಸ್ಟಿಕ್ ಪೆಟ್ಟಿಗೆ, ಸಡಿಲ ಸ್ಕ್ರೂಗಳ ಉಕ್ಕಿನದಕ್ಕಿಂತ ಎಷ್ಟೋ ಮೇಲು. ಬಿಎಸ್ 7671ರ 2022ರ ತಿದ್ದುಪಡಿ ಎತ್ತರದ ವಸತಿ ಕಟ್ಟಡಗಳು, ಆರೈಕೆ ಮನೆಗಳು, ವಿದ್ಯಾರ್ಥಿ ನಿಲಯಗಳಂಥ ಕಡೆ ಕಿಡಿಯನ್ನೇ ಗುರುತಿಸಿ ಕರೆಂಟು ಕಡಿಯುವ ಸಾಧನವನ್ನು ಪ್ಲಗ್ಗಿನ ಸರ್ಕ್ಯೂಟುಗಳಿಗೆ ಕಡ್ಡಾಯ ಮಾಡಿತು. ಅದೂ ನೋಡುವುದು ತನ್ನಿಂದ ಮುಂದಕ್ಕಿರುವ ತಂತಿಯನ್ನು. ಮೇನ್ ಸ್ವಿಚ್ಚಿನ ತಲೆಯ ಮೇಲಿನ, ಇಡೀ ಮನೆಯ ಕರೆಂಟು ಹಾಯುವ ಜೋಡಣೆ ಅದರ ಕಣ್ಣಿಗೆ ಬೀಳದು. ಆ ಜೋಡಣೆ ಮನೆಯವರದು, ಅದರ ಹಿಂದಿನ ಮೀಟರಿನ ಹೊಣೆ ವಿದ್ಯುತ್ ಮಾರುವ ಕಂಪನಿಯದು, ಅದರಾಚೆಯ ಮುದ್ರೆ ಹಾಕಿದ ಫ್ಯೂಸು ಜಾಲದ ಕಂಪನಿಯದು. ನಡುವೆ ಪ್ರತ್ಯೇಕ ಸ್ವಿಚ್ಚಿಲ್ಲದ ಮನೆಯಲ್ಲಿ ಆ ಸ್ಕ್ರೂವನ್ನು ಕರೆಂಟಿಲ್ಲದೆ ಬಿಗಿಯಬೇಕೆಂದರೆ ಕಂಪನಿಯ ಫ್ಯೂಸು ಕಳಚಬೇಕು, ಅದರ ಮುದ್ರೆ ಒಡೆಯುವ ಅಧಿಕಾರ ಸಾಮಾನ್ಯ ಎಲೆಕ್ಟ್ರಿಷಿಯನ್ನನಿಗಿಲ್ಲ.