ಮೇಷ್ಟ್ರು ಮಾಡಿದ ನಿಘಂಟು

ಹೆಬ್ಬೆ ಕಡೆಯ ಕಾಫಿ ತೋಟಗಳ ಮಕ್ಕಳಿಗೆ ನಾನು ಪಾಠ ಹೇಳುತ್ತಿದ್ದ ಕಾಲ. ಪುಸ್ತಕದ ‘ಜಲಪಾತ’ ಅವರ ಬಾಯಲ್ಲಿ ‘ಅಬ್ಬಿ’, ‘ಜಿಗಣೆ’ ಅವರ ಕಾಲಿಗೆ ಹತ್ತಿದರೆ ‘ಉಂಬಳ’. ಹಳ್ಳಕ್ಕೆ ಅಡ್ಡ ಹಾಕಿದ ಮರ ‘ಸಂಕ’. ಅದನ್ನು ‘ಸೇತುವೆ’ ಎಂದು ಕೆಂಪು ಶಾಯಿಯಲ್ಲಿ ತಿದ್ದಿದವನು ನಾನೇ. ಆ ಶಾಯಿ ನನ್ನನ್ನು ಚುಚ್ಚತೊಡಗಿದ್ದು ತತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಬದುಕನ್ನು ಓದಿದ ಮೇಲೆ.

1889ರಲ್ಲಿ ವಿಯೆನ್ನಾದ ಉಕ್ಕಿನ ಸಾಹುಕಾರರ ಮನೆಯಲ್ಲಿ ಹುಟ್ಟಿದವರು ಅವರು. ಮಹಾಯುದ್ಧದಿಂದ ಮರಳಿದವರೇ ಪಿತ್ರಾರ್ಜಿತವನ್ನು ಒಡಹುಟ್ಟಿದವರಿಗೆ ಬಿಟ್ಟುಕೊಟ್ಟು, 1920ರಲ್ಲಿ ಆಸ್ಟ್ರಿಯಾದ ಗುಡ್ಡಗಾಡಿನ ಟ್ರಾಟೆನ್‌ಬಾಖ್ ಹಳ್ಳಿಗೆ ಮೇಷ್ಟ್ರಾಗಿ ಹೋದರು. ಸತ್ತ ಬೆಕ್ಕಿನ ಎಲುಬುಗಳನ್ನು ಮಕ್ಕಳೊಂದಿಗೆ ಕೂತು ಜೋಡಿಸಿದರು. ಮಕ್ಕಳಿಂದಲೇ ಪದಗಳ ಪಟ್ಟಿ ಬರೆಸಿದರು. ಅದರಿಂದ ಬೆಳೆದ ಪುಟ್ಟ ಶಾಲಾ ನಿಘಂಟು 1926ರಲ್ಲಿ ಅಚ್ಚಾಯಿತು. ಬದುಕಿರುವಾಗ ಅವರು ಪ್ರಕಟಿಸಿದ ಪುಸ್ತಕಗಳು ಎರಡೇ. ಒಂದು ತತ್ವಶಾಸ್ತ್ರದ್ದು, ಇನ್ನೊಂದು ಇದು.

ಮಾತು ಜಗತ್ತಿನ ಚಿತ್ರ ಎಂದು ಮೊದಲು ಬರೆದಿದ್ದವರು ಆಮೇಲೆ, ಪದದ ಅರ್ಥವನ್ನು ಬಹುಪಾಲು ಅದರ ಬಳಕೆಯಲ್ಲೇ ಹುಡುಕಬೇಕು ಎಂದರು. ಆ ತಿರುವಿನ ಬೀಜ ಹಳ್ಳಿಯ ಆ ಪಟ್ಟಿಗಳಲ್ಲಿತ್ತೆಂದೇ ನನ್ನ ನಂಬಿಕೆ. 1946–47ರಲ್ಲಿ ಕೇಂಬ್ರಿಜ್‌ನಲ್ಲಿ ಅವರ ಕೊನೆಯ ಪಾಠಗಳನ್ನು ಕೇಳಿ ಬರೆದುಕೊಂಡವರಲ್ಲಿ ಕೆ. ಜೆ. ಶಾ ಒಬ್ಬರು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದವರು. ಆ ಟಿಪ್ಪಣಿಗಳು 1988ರಲ್ಲಿ ಪುಸ್ತಕವಾಗಿ ಬಂದವು. ವಿಯೆನ್ನಾದ ಚಿಂತನೆ ನಮ್ಮ ನಾಡಿಗೆ ಬಂದ ಒಂದು ದಾರಿ ಅದು.

ಆದರೆ ಮೇಷ್ಟ್ರಾಗಿದ್ದಾಗ ವಿಟ್‌ಗೆನ್‌ಸ್ಟೈನ್ ಅವರ ಕೈಯೂ ಜೋರು. 1926ರ ಏಪ್ರಿಲ್‌ನಲ್ಲಿ ಒಟ್ಟರ್‌ಟಾಲ್ ಶಾಲೆಯಲ್ಲಿ ಅವರ ಏಟಿಗೆ ಹನ್ನೊಂದರ ಹುಡುಗನೊಬ್ಬ ಪ್ರಜ್ಞೆ ತಪ್ಪಿ ಬಿದ್ದ. ಕೆಲಸ ಬಿಟ್ಟರು. ಹತ್ತು ವರ್ಷ ಕಳೆದ ಮೇಲೆ ಅದೇ ಹಳ್ಳಿಗೆ ಹೋಗಿ, ತಾನು ಹೊಡೆದವರ ಮನೆಬಾಗಿಲಲ್ಲಿ ನಿಂತು ಕ್ಷಮೆ ಕೇಳಿದರು. ಕೆಲವರು ಕ್ಷಮಿಸಿದರು, ಒಬ್ಬ ಹೆಣ್ಣುಮಗಳು ‘ಹೂಂ, ಹೂಂ’ ಎಂದು ಸುಮ್ಮನಾದಳು.

‘ಸಂಕ’ ಎಂದು ಮತ್ತೆ ಮತ್ತೆ ಬರೆದ ಹುಡುಗನಿಗೆ ನಾನೂ ಬೆತ್ತದಲ್ಲಿ ಹೊಡೆದಿದ್ದೆ. ಕಳೆದ ಮಳೆಗಾಲ ಹಳ್ಳದಾಚೆಯ ಅವನ ಮನೆಗೆ ಹೋಗಿ, ‘ತಪ್ಪಾಯ್ತು ಕಣಪ್ಪ’ ಅಂದೆ. ಅವನು ನೆಲ ನೋಡುತ್ತ ಕೂತ. ಕಾಫಿ ಬಂತು, ಕುಡಿದೆವು. ಹೊರಡುವಾಗ ಟಾರ್ಚು ಹಿಡಿದು ಹಳ್ಳದವರೆಗೂ ಬಂದ.

‘ಸಂಕ ಜಾರ್ತದೆ, ನಿಧಾನ ದಾಟಿ ಮೇಷ್ಟ್ರೇ’ ಅಂದ.