ದುಡ್ಡಿನ ಗುಟ್ಟು: ಮನಿಯಾರ್ಡರಿನಿಂದ ಬಿಟ್‌ಕಾಯಿನ್ ತನಕ

ಡೊಂಬಿವಲಿಯಿಂದ ಹೊರಡುವ ಬೆಳಗಿನ ಲೋಕಲಿನಲ್ಲಿ ಹಿಂದೆಲ್ಲ ಷೇರು ಮಾರ್ಕೆಟ್ಟಿನ ಮಾತು ನಡೆಯುತ್ತಿತ್ತು, ಈಗ ಬಿಟ್‌ಕಾಯಿನ್ನಿನದು. ನಮ್ಮ ಬಿಲ್ಡಿಂಗಿನ ಹುಡುಗರನ್ನು ಕೇಳಿದರೆ "ಅಂಕಲ್, ಇದರಲ್ಲಿ ಹೆಸರೇ ಇಲ್ಲ, ಯಾರಿಗೂ ಗೊತ್ತಾಗುವುದಿಲ್ಲ" ಅನ್ನುತ್ತಾರೆ. ಈ 'ಯಾರಿಗೂ ಗೊತ್ತಾಗುವುದಿಲ್ಲ' ಅನ್ನುವ ಆಸೆ ಹೊಸದೇನಲ್ಲ. ಊರು ಬಿಟ್ಟು ಬಂದು ಊರಿಗೆ ದುಡ್ಡು ಕಳಿಸಿದ ನಮ್ಮಂಥವರಿಗೆ ಅದು ಚೆನ್ನಾಗಿಯೇ ಗೊತ್ತು. ಹಾಗಾಗಿ ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ದೇಶದಲ್ಲಿ ಅಂಚೆ ಇಲಾಖೆ ಮನಿಯಾರ್ಡರ್ ಶುರು ಮಾಡಿದ್ದು 1880ರಲ್ಲಿ. ಮುಂಬಯಿಯ ಮಿಲ್ಲುಗಳಲ್ಲಿ, ಉಡುಪಿ ಹೋಟೆಲುಗಳಲ್ಲಿ ದುಡಿದವರ ಮನೆಗಳು ನಡೆದದ್ದು ಆ ಫಾರಮ್ಮಿನ ಮೇಲೆ. ಆದರೆ ಅದರಷ್ಟು ಬಹಿರಂಗವಾದ ವ್ಯವಹಾರ ಇನ್ನೊಂದಿರಲಿಲ್ಲ. ಕಳಿಸಿದವನ ಹೆಸರು, ವಿಳಾಸ, ಮೊತ್ತ, ಕೆಳಗಿನ ಕೂಪನ್ನಿನಲ್ಲಿ ಬರೆದ ನಾಲ್ಕು ಸಾಲು, ಎಲ್ಲವೂ ತೆರೆದೇ ಇರುತ್ತಿತ್ತು. ಓದು ಬಾರದವರಿಗೆ ಪೋಸ್ಟ್‌ಮ್ಯಾನೇ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಹೆಬ್ಬೆಟ್ಟು ಒತ್ತುವಾಗ ಸಾಕ್ಷಿಗೆ ಪಕ್ಕದ ಮನೆಯವರು ಬರಬೇಕು. ನಮ್ಮ ಕುಂದಾಪುರದ ಕಡೆಯ ಹಳ್ಳಿಯಲ್ಲಿ ಪೋಸ್ಟ್‌ಮ್ಯಾನ್ ನಮ್ಮ ಅಂಗಳಕ್ಕೆ ಇಳಿದದ್ದು ದಿನಸಿ ಅಂಗಡಿಯವನಿಗೆ ಅಮ್ಮನಿಗಿಂತ ಮೊದಲೇ ಗೊತ್ತಾಗುತ್ತಿತ್ತು, ಸಂಜೆಯೊಳಗೆ ಸಾಲದ ಪುಸ್ತಕ ಹಿಡಿದುಕೊಂಡು ಹಾಜರ್! ತಂಗಿಯ ಮದುವೆಗೆಂದು ಹತ್ತು ರೂಪಾಯಿ ಎತ್ತಿಡಲೂ ಅಮ್ಮನಿಗೆ ಆಗುತ್ತಿರಲಿಲ್ಲ. ಕೊನೆಗೆ ನೂರು ರೂಪಾಯಿ ಮನಿಯಾರ್ಡರಿನಲ್ಲಿ, ಐವತ್ತು ರೂಪಾಯಿ ಊರಿಗೆ ಹೋಗುವವರ ಕೈಯಲ್ಲಿ ಡಬ್ಬಿಯೊಳಗೆ ಕಳಿಸುವ ಏರ್ಪಾಡಾಯಿತು. ಮುಚ್ಚಿಟ್ಟದ್ದು ಕಳ್ಳದುಡ್ಡಲ್ಲ, ಗ್ಲಾಸು ತೊಳೆದು ಗಳಿಸಿದ ದುಡ್ಡು. ಖಾಸಗಿತನ ಅಂದರೆ ನನಗೆ ಮೊದಲು ನೆನಪಾಗುವುದು ಆ ಐವತ್ತು ರೂಪಾಯಿಯೇ. (ಹಳೆಯ ಮಾದರಿಯ ಮನಿಯಾರ್ಡರಿಗೆ ಇಲಾಖೆ 2015ರಲ್ಲಿ ಮಂಗಳ ಹಾಡಿತು.)

ಸಾಹುಕಾರರಿಗೆ ಈ ಕಷ್ಟ ಇರಲಿಲ್ಲ, ಅವರಿಗೆ ಹುಂಡಿ ಇತ್ತು. ದರ್ಶನಿ ಹುಂಡಿ ತೋರಿಸಿದ ಕೂಡಲೇ ದುಡ್ಡು, ಮುದ್ದತಿ ಹುಂಡಿಯಾದರೆ ಅವಧಿ ಮುಗಿದ ಮೇಲೆ, ಶಾಹಜೋಗ್ ಹುಂಡಿಯಾದರೆ ಪೇಟೆಯಲ್ಲಿ ಮರ್ಯಾದಸ್ಥನಾದ 'ಶಾಹ'ನ ಮೂಲಕ ಬಂದರೆ ಮಾತ್ರ. ಉತ್ತರದ ವ್ಯಾಪಾರಿಗಳು ಲೆಕ್ಕ ಬರೆಯುತ್ತಿದ್ದ ಮಹಾಜನಿ ಲಿಪಿಯಲ್ಲಿ ಸ್ವರಗಳನ್ನೇ ಬಿಡುತ್ತಿದ್ದರು. ಹೊರಗಿನವರಿಗೆ ತಲೆಬುಡ ತಿಳಿಯದು, ಒಮ್ಮೊಮ್ಮೆ ಒಳಗಿನವರಿಗೂ. 'ಕಾಕಾ ಅಜ್ಮೀರ್ ಗಯೇ' ಅಂತ ಬರೆದದ್ದನ್ನು 'ಕಾಕಾ ಆಜ್ ಮರ್ ಗಯೇ' ಅಂತ ಓದಿ ಮನೆಯವರೆಲ್ಲ ಅತ್ತ ಕತೆ ಇಲ್ಲಿಯ ಗುಜರಾತಿ, ಮಾರ್ವಾಡಿ ಅಂಗಡಿಗಳಲ್ಲಿ ಇಂದಿಗೂ ಕೇಳಲು ಸಿಗುತ್ತದೆ. ಹವಾಲಾದವರು ಇನ್ನೂ ಒಂದು ಹೆಜ್ಜೆ ಮುಂದೆ. ಹತ್ತು ರೂಪಾಯಿಯ ಒಂದು ನೋಟಿನ ನಂಬರನ್ನು ಆ ಕಡೆಯ ಊರಿಗೆ ತಿಳಿಸುತ್ತಾರೆ, ಅದೇ ನೋಟು ತಂದವನಿಗೆ ದುಡ್ಡು. ಹೆಸರು ಕೇಳುವ ಗೋಜಿಲ್ಲ. ನೋಟು ಕಳೆದರೆ ದುಡ್ಡೂ ಹೋಯಿತು. ಹವಾಲಾ ಕಾನೂನಿಗೆ ವಿರುದ್ಧ ಅನ್ನುವುದು ಬೇರೆ ಮಾತು, ಆದರೆ ಈ ನೋಟಿನ ನಂಬರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಗುಟ್ಟು ಅಂದರೆಲ್ಲ ಒಳ್ಳೆಯದೂ ಅಲ್ಲ. ನವಿ ಮುಂಬಯಿಯ ವಾಶಿ ಮಾರ್ಕೆಟ್ಟಿಗೆ ಹಾಪುಸ್ ಮಾವು ಬರುವ ಕಾಲದಲ್ಲಿ ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ದರ ಕುದುರಿಸುವುದು ಪ್ರಸಿದ್ಧ. ನಮ್ಮ ಕಡೆಯ ದನದ ಜಾತ್ರೆಗಳಲ್ಲೂ ಹೀಗೆಯೇ. ದಲಾಲಿಗೂ ಕೊಳ್ಳುವವನಿಗೂ ದರ ಗೊತ್ತು, ಮಾವು ಬೆಳೆದ ರತ್ನಾಗಿರಿಯವನಿಗೆ ಮಾತ್ರ ಗೊತ್ತಿಲ್ಲ. ಬಹಿರಂಗ ಹರಾಜು ಬೇಕು ಅಂತ ಕಾನೂನು ಹೇಳುವುದು ಇದಕ್ಕೇ.

ಇನ್ನು ಬ್ಯಾಂಕು. ಈ ವಿಷಯದಲ್ಲಿ ಕರಾವಳಿಯವರು ಜಂಬ ಪಡಬಹುದು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಶುರು ಮಾಡಿದ ಪಿಗ್ಮಿಯಲ್ಲಿ ದಿನಕ್ಕೆ ಎರಡಾಣೆಯನ್ನೂ ಕಟ್ಟಬಹುದಿತ್ತು. ಪಿಗ್ಮಿ ಏಜೆಂಟನಿಗೆ ಊರಿನ ಉಳಿತಾಯವೆಲ್ಲ ಬಾಯಿಪಾಠ, ಆದರೆ ಬಾಯಿ ಬಿಟ್ಟರೆ ಅವನ ಹೊಟ್ಟೆಪಾಡಿಗೇ ಕುತ್ತು! (ಸಿಂಡಿಕೇಟು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು.) 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕಟ್ಟಿದ ಆ ಕೆನರಾ ಬ್ಯಾಂಕಿನ ಹೆಸರು ಖಾಸಗಿತನದ ಒಂದು ದೊಡ್ಡ ತೀರ್ಪಿನಲ್ಲಿದೆ. ಸ್ಟಾಂಪು ಸುಂಕದ ನೆಪದಲ್ಲಿ ಕಾಗದಪತ್ರ ಜಾಲಾಡುವ ಅಧಿಕಾರವನ್ನು ಆಂಧ್ರದ ಕಾನೂನು ಕೊಟ್ಟಿತ್ತು, ಬ್ಯಾಂಕಿನಲ್ಲಿರುವ ಗಿರಾಕಿಗಳ ಕಾಗದವೂ ಅದರಲ್ಲಿ ಸೇರಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಕಾಗದವನ್ನು ಬ್ಯಾಂಕಿನ ಕೈಗೆ ಕೊಟ್ಟ ಮಾತ್ರಕ್ಕೆ ಗಿರಾಕಿಯ ಖಾಸಗಿತನ ಹೋಗುವುದಿಲ್ಲ, ಅದು ಜಾಗಕ್ಕಲ್ಲ, ವ್ಯಕ್ತಿಗೆ ಸೇರಿದ್ದು ಅಂದಿತು. ಅಮೆರಿಕದ ಕೋರ್ಟು 1976ರಲ್ಲಿ ಇದಕ್ಕೆ ಉಲ್ಟಾ ಹೇಳಿತ್ತು. ಮುಂದೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರಲ್ಲ, ಆ ಅರ್ಜಿ ಹಾಕಿದವರೂ ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2024ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಹುಡುಗರ ಬಿಟ್‌ಕಾಯಿನ್ನಿಗೆ ಬರೋಣ. ಗುಟ್ಟಾದ ಡಿಜಿಟಲ್ ದುಡ್ಡನ್ನು ಮೊದಲು ಯೋಚಿಸಿದವರು ಡೇವಿಡ್ ಚಾಮ್ ಅನ್ನುವ ಅಮೆರಿಕನ್ನರು, 1982ರ ಹೊತ್ತಿಗೆ. ಬ್ಯಾಂಕು ನಾಣ್ಯಕ್ಕೆ ಸಹಿ ಹಾಕುತ್ತದೆ, ಆದರೆ ಯಾವ ನಾಣ್ಯ ಅಂತ ಅದಕ್ಕೇ ಕಾಣುವುದಿಲ್ಲ, ಕಾರ್ಬನ್ ಹಾಳೆ ಇಟ್ಟು ಮುಚ್ಚಿದ ಲಕೋಟೆಯ ಮೇಲೆ ಸಹಿ ಹಾಕಿದ ಹಾಗೆ. ಅವರ ಡಿಜಿಕ್ಯಾಶ್ ಕಂಪನಿ 1998ರಲ್ಲಿ ಮುಳುಗಿತು. ಹತ್ತು ವರ್ಷದ ನಂತರ, 2008ರ ಅಕ್ಟೋಬರ್ ಕೊನೆಗೆ ಸತೋಶಿ ನಕಮೋಟೋ ಅನ್ನುವ ಹೆಸರಿನಲ್ಲಿ ಬಂದ ಬಿಟ್‌ಕಾಯಿನ್ ದಾರಿಯೇ ಬೇರೆ. ಇಲ್ಲಿ ಬ್ಯಾಂಕು ಇಲ್ಲ, ಲೆಕ್ಕದ ಪುಸ್ತಕ ಎಲ್ಲರ ಮುಂದೆ ತೆರೆದಿದೆ. 2009ರ ಜನವರಿಯ ಮೊದಲ ಪುಟದಿಂದ ಇವತ್ತಿನವರೆಗೆ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತು ಅಂತ ಯಾರು ಬೇಕಾದರೂ ನೋಡಬಹುದು. ಹೆಸರಿನ ಜಾಗದಲ್ಲಿ ಅಕ್ಷರ ಅಂಕಿಗಳ ಒಂದು ಸಾಲು, ಅಷ್ಟೇ. ಅಂದರೆ ನಮ್ಮೂರಿನ ಪೋಸ್ಟ್‌ಮ್ಯಾನು ಜಗತ್ತಿಗೆಲ್ಲ ಕೇಳುವಂತೆ ಓದುತ್ತಿದ್ದಾನೆ, ಹೆಸರಿನ ಬದಲು ಅಡ್ಡಹೆಸರು ಹೇಳುತ್ತಿದ್ದಾನೆ. ಅಡ್ಡಹೆಸರು ಯಾರದು ಅಂತ ಒಮ್ಮೆ ಗೊತ್ತಾದರೆ ಮುಂದಿನದು ಮಾತ್ರವಲ್ಲ, ಹಿಂದಿನದೂ ಹೊರಬಿತ್ತು!

ಸತೋಶಿಗೂ ಇದು ಗೊತ್ತಿತ್ತು. ಪ್ರತಿ ವ್ಯವಹಾರಕ್ಕೂ ಹೊಸ ಬೀಗದಕೈ ಬಳಸಿ ಅಂತ ಆ ಮೊದಲ ಲೇಖನದಲ್ಲೇ ಇದೆ. ಹಲವು ವಿಳಾಸಗಳ ಚಿಲ್ಲರೆ ಕೂಡಿಸಿ ಒಂದೇ ಬಾರಿ ಕೊಟ್ಟರೆ ಅವೆಲ್ಲ ಒಬ್ಬನವೇ ಅಂತ ತಿಳಿಯುತ್ತದೆ ಅನ್ನುವ ಎಚ್ಚರಿಕೆಯೂ ಇದೆ. ಪತ್ತೆದಾರರಿಗೆ ಅಷ್ಟು ಸಾಕು. 2016ರಲ್ಲಿ ಬಿಟ್‌ಫಿನೆಕ್ಸ್ ಎಕ್ಸ್‌ಚೇಂಜಿನಿಂದ ಕದ್ದ ಬಿಟ್‌ಕಾಯಿನ್ನುಗಳನ್ನು ಕೈಯಿಂದ ಕೈಗೆ ಎಷ್ಟು ದಾಟಿಸಿದರೂ 2022ರ ಫೆಬ್ರವರಿಯಲ್ಲಿ ಅಮೆರಿಕದ ಸರಕಾರ ಸುಮಾರು 94,000 ಬಿಟ್‌ಕಾಯಿನ್ ಹಿಡಿದುಹಾಕಿತು. ವಿಳಾಸ, ಮೊತ್ತಗಳನ್ನೇ ಮರೆಮಾಡುವ ಮೊನೆರೊ 2014ರಲ್ಲಿ, ಜೀಕ್ಯಾಶ್ 2016ರಲ್ಲಿ ಹುಟ್ಟಿದ್ದು ಬಿಟ್‌ಕಾಯಿನ್ನಿನ ಈ ಬಟಾಬಯಲಿಗೆ ಹೆದರಿಯೇ.

ಕಳ್ಳರ ವಿಷಯ ಬಿಡಿ, ಪ್ರಾಮಾಣಿಕರಿಗೇನು ಅಂತ ನೀವು ಕೇಳಬಹುದು. ನೀವು ಯಾರಿಗೋ ಹತ್ತು ಸಾವಿರದ್ದು ಕಳಿಸುತ್ತೀರಿ, ಅದೇ ವಿಳಾಸದಲ್ಲಿ ಹತ್ತು ಲಕ್ಷದ್ದು ಕೂತಿರುವುದು ಅವನಿಗೂ ಕಾಣುತ್ತದೆ. ದಿನಸಿಯವನ ಕೈಗೆ ಪಾಸ್‌ಬುಕ್ ಕೊಟ್ಟು ಬೇಳೆ ತಂದ ಹಾಗೆ. 2020ರಲ್ಲಿ ಲೆಡ್ಜರ್ ಅನ್ನುವ ಫ್ರಾನ್ಸಿನ ಕಂಪನಿಯ ಗಿರಾಕಿಗಳ ಪಟ್ಟಿ ಸೋರಿ, ಸುಮಾರು 2.7 ಲಕ್ಷ ಜನರ ಹೆಸರು, ಮನೆ ವಿಳಾಸ, ಫೋನ್ ನಂಬರು ಬೀದಿಗೆ ಬಿತ್ತು. ಕ್ರಿಪ್ಟೋ ಭದ್ರವಾಗಿಡುವ ಪುಟ್ಟ ಯಂತ್ರ ಮಾರುವ ಕಂಪನಿ ಅದು. ಯಂತ್ರ ಒಡೆಯಲಿಲ್ಲ, ಆದರೆ ಯಾರ ಮನೆಯಲ್ಲಿ ಯಂತ್ರ ಇದೆ ಅಂತ ಗೊತ್ತಾಗಿ ಬೆದರಿಕೆಯ ಪತ್ರಗಳು ಬಂದವು.

ನಮ್ಮಲ್ಲಿ ಸರಕಾರದಿಂದ ಮುಚ್ಚಿಡುವ ಪ್ರಶ್ನೆ ಇಲ್ಲ. 2022ರ ಏಪ್ರಿಲಿನಿಂದ ಲಾಭದ ಮೇಲೆ ಶೇ. 30 ತೆರಿಗೆ, ಜುಲೈಯಿಂದ ಶೇ. 1 ಟಿಡಿಎಸ್, 2023ರ ಮಾರ್ಚಿನಿಂದ ಎಕ್ಸ್‌ಚೇಂಜುಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆಯ ಕೆಳಗೆ. ಪ್ಯಾನ್ ಕಾರ್ಡು ಕೊಟ್ಟೇ ಒಳಗೆ ಹೋಗಬೇಕು. ನನಗೆ ಅದರಲ್ಲಿ ತಕರಾರಿಲ್ಲ. ತೆರಿಗೆಯವರಿಗೆ ಹೇಳಬೇಕಾದದ್ದು ಬೇರೆ, ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಹೇಳಬೇಕಿಲ್ಲದ್ದು ಬೇರೆ. ಹುಡುಗರು ಇವೆರಡನ್ನೂ ತಿರುಗುಮುರುಗು ಮಾಡಿದ್ದಾರೆ: ತೆರಿಗೆಯವರಿಗೆ ಗೊತ್ತಾಗದು ಅಂದುಕೊಂಡು ಲಾಭದ ಸ್ಕ್ರೀನ್‌ಶಾಟನ್ನು ಗ್ರೂಪಿಗೆ ಹಾಕುತ್ತಾರೆ! ಹಣ ಬರಮಾಡಿಕೊಳ್ಳುವಾಗ ಪ್ರತಿ ಸಲ ಹೊಸ ವಿಳಾಸ ಕೊಡಿ, ದಿನದ ಖರ್ಚಿನದನ್ನೂ ಉಳಿತಾಯದ್ದನ್ನೂ ಬೇರೆ ಬೇರೆ ಇಡಿ, ವಿಳಾಸವನ್ನು ನಿಮ್ಮ ಹೆಸರಿನ ಜೊತೆ ಎಲ್ಲೂ ಹಾಕಬೇಡಿ ಅಂತ ಅವರಿಗೆ ಹೇಳುತ್ತಿರುತ್ತೇನೆ. ಅಮ್ಮನ ನೂರು ಮತ್ತು ಐವತ್ತರ ಲೆಕ್ಕವೇ ಇದು.

ಇನ್ನು ಆ ನೋಟಿನ ನಂಬರು. ಕ್ರಿಪ್ಟೋದಲ್ಲಿ ಅದರ ಜಾಗದಲ್ಲಿ ಹನ್ನೆರಡೋ ಇಪ್ಪತ್ತನಾಲ್ಕೋ ಇಂಗ್ಲಿಷ್ ಪದಗಳ ಒಂದು ಪಟ್ಟಿ ಇದೆ. ಅದು ಯಾರ ಬಳಿ ಇದೆಯೋ ದುಡ್ಡು ಅವರದು. ಫೋನಿನಲ್ಲಿ ಫೋಟೋ ತೆಗೆದಿಟ್ಟರೆ ಫೋನು ಕದ್ದವನದು. ಯಾರಿಗೂ ಹೇಳದೆ ಕಣ್ಣು ಮುಚ್ಚಿದರೆ ಯಾರದೂ ಅಲ್ಲ. ಬ್ಯಾಂಕಿನಲ್ಲಿ ಮರೆತುಹೋದ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ ಉದ್ಗಮ್ ಅನ್ನುವ ತಾಣ ಮಾಡಿತು, ಗಂಡನ ಹೆಸರು ಹಾಕಿ ಹೆಂಡತಿ ಹುಡುಕಬಹುದು. ಬಿಟ್‌ಕಾಯಿನ್ನಿನ ಆ ತೆರೆದ ಪುಸ್ತಕದಲ್ಲಿ ಅವಳಿಗೆ ಮೊತ್ತ ಕಂಡೀತು, ತೆಗೆಯಲು ಬರುವುದಿಲ್ಲ. ಹಾಗಾಗಿ ಹುಡುಗರಿಗೆ ನಾನು ಹೇಳುವುದು, ಆ ಪದಗಳನ್ನು ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿ, ಎಲ್‌ಐಸಿ ಪಾಲಿಸಿ ಇಡುವ ಕಬ್ಬಿಣದ ಕಪಾಟಿನಲ್ಲಿಡಿ. ಆ ಲಕೋಟೆ ಏನು ಅಂತ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.