ಉಪವಾಸದ ವೇಳೆಯಲ್ಲಿ ಸಿಹಿಯ ಸೆಳೆತ

ಜಿಗಣಿ: ತೂಕ ಇಳಿಸಲೆಂದು ‘ಇಂಟರ್ಮಿಟೆಂಟ್ ಫಾಸ್ಟಿಂಗ್’ ಆರಂಭಿಸಿದ ಕಾರ್ಖಾನೆ ಉದ್ಯೋಗಿಯ ವ್ರತ ಭಂಗವಾಗುವುದು ಬಹುತೇಕ ಊಟದ ತಟ್ಟೆಯ ಮುಂದಲ್ಲ, ಪಾಳಿಯ ನಡುವೆ ಕೈಗೆ ಬರುವ ಚಹಾದ ಲೋಟದ ಮುಂದೆ. ಎರಡು ಚಮಚ ಸಕ್ಕರೆ, ಜೊತೆಗೆ ಒಂದು ಬಿಸ್ಕತ್ತು, ಪಾಳಿ ಮುಗಿದ ಮೇಲೆ ಗೇಟಿನೆದುರಿನ ಬೇಕರಿಯಲ್ಲಿ ಒಂದು ತುಂಡು ಹನಿ ಕೇಕ್. ಹದಿನಾರು ಗಂಟೆ ಅನ್ನವಿಲ್ಲದೆ ಇರಬಲ್ಲವರು ಸಿಹಿಯಿಲ್ಲದೆ ಇರಲಾರದೆ ಸೋಲುತ್ತಾರೆ. ಇದನ್ನು ಮನೋದೌರ್ಬಲ್ಯವೆಂದು ಹಳಿದುಕೊಳ್ಳುವವರೇ ಹೆಚ್ಚು. ಆದರೆ ಸಿಹಿಯ ಸೆಳೆತಕ್ಕೆ ನಿದ್ರೆ, ಉಪವಾಸ ಮುರಿಯುವ ರೀತಿ ಹಾಗೂ ಅಭ್ಯಾಸ ಎಂಬ ಸ್ಪಷ್ಟ ಕಾರಣಗಳಿವೆ. ಕೆಲವರಲ್ಲಿ ಅದು ಚಪಲವೇ ಅಲ್ಲ, ಅಪಾಯದ ಮುನ್ಸೂಚನೆ.

ದಿನದ 24 ಗಂಟೆಗಳಲ್ಲಿ 8 ಗಂಟೆಗಳ ಅವಧಿಯೊಳಗೆ ಆಹಾರ ಸೇವಿಸಿ ಉಳಿದ 16 ಗಂಟೆ ನೀರು, ಸಕ್ಕರೆಯಿಲ್ಲದ ಪಾನೀಯಗಳಲ್ಲೇ ಇರುವುದು ಈ ಪದ್ಧತಿಯ ಜನಪ್ರಿಯ ರೂಪ. ಒಪ್ಪತ್ತು, ಏಕಾದಶಿ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಜೈನರ ನಿಯಮ, ರಂಜಾನ್ ರೋಜಾಗಳನ್ನು ಕಂಡ ನಾಡಿಗೆ ಇದೇನೂ ಅಪರಿಚಿತವಲ್ಲ. ಜೀವಕೋಶಗಳು ತಮ್ಮ ಭಾಗಗಳನ್ನೇ ಜೀರ್ಣಿಸಿ ಮರುಬಳಸುವ ‘ಆಟೋಫೇಜಿ’ ಕುರಿತ ಸಂಶೋಧನೆಗೆ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ದೊರೆತ ಬಳಿಕ ಉಪವಾಸಕ್ಕೆ ಹೊಸ ಪ್ರತಿಷ್ಠೆ ಬಂತು. ಅವರು ಸಂಶೋಧನೆ ನಡೆಸಿದ್ದು ಯೀಸ್ಟ್ ಮೇಲೆ ಎಂಬುದನ್ನು ಪ್ರಚಾರಕರು ಹೇಳುವುದು ಕಡಿಮೆ.

ಗಡಿಯಾರವೊಂದೇ ತೂಕ ಇಳಿಸದು. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದ ಸಂಶೋಧಕರು 116 ಜನರನ್ನು 12 ವಾರ ಗಮನಿಸಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಮಾತ್ರ ತಿಂದವರಿಗೂ ಮೂರು ಹೊತ್ತು ತಿಂದವರಿಗೂ ತೂಕ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಚೀನಾದ ಗುವಾಂಗ್‌ಝೌನಲ್ಲಿ 139 ಸ್ಥೂಲಕಾಯರ ಮೇಲೆ ಒಂದು ವರ್ಷ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಗುಂಪಿಗೆ ಮಿತ ಆಹಾರ ಕೊಡಲಾಗಿತ್ತು. ಎರಡೂ ಗುಂಪಿನ ತೂಕ ಇಳಿಯಿತು, ಸಮಯದ ಕಟ್ಟುಪಾಡಿನಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಸಿಗಲಿಲ್ಲ. ಅಂದರೆ ಆ ಎಂಟು ಗಂಟೆಗಳಲ್ಲಿ ಏನು ತಿನ್ನುತ್ತಾರೆ ಎಂಬುದೇ ನಿರ್ಣಾಯಕ. ಸಿಹಿಯ ಪ್ರಶ್ನೆಗೆ ಮಹತ್ವ ಬರುವುದು ಇಲ್ಲಿಯೇ.

ಪಾರಣೆಯ ತಪ್ಪು

ಉಪವಾಸ ಮುರಿಯುವ ಮೊದಲ ತುತ್ತು ಮುಂದಿನ ಹಲವು ಗಂಟೆಗಳ ಹಸಿವಿನ ಮೇಲೆ ಪ್ರಭಾವ ಬೀರುತ್ತದೆ. ಬರಿ ಹೊಟ್ಟೆಗೆ ಕೇಸರಿಬಾತ್, ಸಿಹಿ ಬನ್ ಅಥವಾ ಹಣ್ಣಿನ ರಸ ಬಿದ್ದರೆ ರಕ್ತದ ಗ್ಲುಕೋಸ್ ವೇಗವಾಗಿ ಏರುತ್ತದೆ, ಅದನ್ನು ತಗ್ಗಿಸಲು ಇನ್ಸುಲಿನ್ ಹೆಚ್ಚುತ್ತದೆ, ಗ್ಲುಕೋಸ್ ಇಳಿದಂತೆ ಹಲವರಲ್ಲಿ ಮತ್ತೆ ಹಸಿವು ಕೆರಳುತ್ತದೆ. ಏಕಾದಶಿಯ ಹೆಸರಿನಲ್ಲಿ ಉಪ್ಪಿಟ್ಟು, ಅವಲಕ್ಕಿ, ಸಜ್ಜಿಗೆಗಳನ್ನು ಎಂದಿನ ಊಟಕ್ಕಿಂತ ಹೆಚ್ಚಾಗಿ ತಿನ್ನುವ ಮನೆಗಳಿಗೆ ಇದು ಹೊಸ ಸಂಗತಿಯಲ್ಲ.

ತರಕಾರಿ ಮತ್ತು ಪ್ರೋಟೀನನ್ನು ಮೊದಲು, ಅನ್ನ-ರೊಟ್ಟಿಯಂಥವನ್ನು ಕೊನೆಗೆ ತಿಂದರೆ ಊಟದ ನಂತರದ ಗ್ಲುಕೋಸ್ ಏರಿಕೆ ಕಡಿಮೆಯಾಗುತ್ತದೆಂದು ನ್ಯೂಯಾರ್ಕ್‌ನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ 2015ರ ಅಧ್ಯಯನ ತೋರಿಸಿತು. ಆನೇಕಲ್ ತಾಲ್ಲೂಕಿನ ಅಡುಗೆಮನೆಗೆ ಇದನ್ನು ಅನ್ವಯಿಸುವುದು ಕಷ್ಟವಲ್ಲ. ಮೊದಲು ಹೆಸರುಕಾಳಿನ ಕೋಸಂಬರಿ ಅಥವಾ ಉಸಲಿ, ಪಲ್ಯ, ಬೇಕೆಂದರೆ ಮೊಟ್ಟೆ, ಆಮೇಲೆ ಬಸ್ಸಾರು ಅಥವಾ ಮಸ್ಸೊಪ್ಪಿನೊಂದಿಗೆ ಚಿಕ್ಕ ಮುದ್ದೆ, ಕೊನೆಗೆ ಮಜ್ಜಿಗೆ. ಸಿಹಿ ಬೇಕೇ ಬೇಕೆನಿಸಿದರೆ ಅದರ ಜಾಗ ಈ ಊಟದ ಕೊನೆಯಲ್ಲಿ. ಹೊಟ್ಟೆ ತುಂಬಿದವನಿಗೆ ಅರ್ಧ ಹೋಳಿಗೆ ಸಾಕಾಗುತ್ತದೆ, ಹಸಿದವನಿಗೆ ಎರಡೂ ಸಾಲದು. ಸಿಹಿಯನ್ನು ಸಂಪೂರ್ಣ ನಿಷೇಧಿಸಿಕೊಂಡು ವಾರದ ಕೊನೆಗೆ ಡಬ್ಬಿ ಬರಿದು ಮಾಡುವುದಕ್ಕಿಂತ ಇದು ಲೇಸು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸೂಚನೆಯಂತೆ ದಿನದ ಒಟ್ಟು ಕ್ಯಾಲೊರಿಯಲ್ಲಿ ಸೇರಿಸಿದ ಸಕ್ಕರೆಯಂಥವುಗಳ ಪಾಲು ಶೇ 10ನ್ನು ಮೀರಬಾರದು, ಶೇ 5ಕ್ಕಿಂತ ಕಡಿಮೆಯಿದ್ದರೆ ಉತ್ತಮ. 2,000 ಕ್ಯಾಲೊರಿಯ ಆಹಾರದಲ್ಲಿ ಇದು ಕ್ರಮವಾಗಿ 50 ಮತ್ತು 25 ಗ್ರಾಂ. ದಿನಕ್ಕೆ ನಾಲ್ಕು ಚಹಾ, ಪ್ರತಿಯೊಂದಕ್ಕೂ ಎರಡು ಚಮಚ ಎಂದರೆ ಚಹಾದಿಂದಲೇ ಸುಮಾರು 40 ಗ್ರಾಂ ಆಗಿಬಿಡುತ್ತದೆ. ಉಪವಾಸದ ಅವಧಿಯಲ್ಲಿ ಕುಡಿದ ಇಂಥ ಚಹಾ ಉಪವಾಸವನ್ನೂ ಮುರಿಯುತ್ತದೆ. ಸಕ್ಕರೆಯನ್ನು ಒಮ್ಮೆಲೇ ಬಿಡಲಾಗದವರು ವಾರಕ್ಕೆ ಅರ್ಧ ಚಮಚದಂತೆ ತಗ್ಗಿಸಿದರೆ ನಾಲಗೆ ಒಗ್ಗಿಕೊಳ್ಳುತ್ತದೆ.

ಬೆಲ್ಲಕ್ಕೆ ಬದಲಾದರೆ ದೋಷವಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಬೆಲ್ಲದಲ್ಲಿ ಖನಿಜಗಳು ತುಸು ಇವೆ, ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ಜೇನು, ಖರ್ಜೂರಗಳ ಲೆಕ್ಕವನ್ನೂ ಇಡಲೇಬೇಕು. ಕೃತಕ ಸಿಹಿಕಾರಕಗಳನ್ನು ತೂಕ ನಿಯಂತ್ರಣದ ಸಾಧನವಾಗಿ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ನೀಡಿದೆ. ಈ ಸಲಹೆ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ.

ನಿದ್ರೆಗೆಟ್ಟವರ ನಾಲಗೆ

ಶಿಕಾಗೊ ವಿಶ್ವವಿದ್ಯಾಲಯದಲ್ಲಿ 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ತಲಾ ನಾಲ್ಕೇ ಗಂಟೆ ನಿದ್ರೆಗೆ ಅವಕಾಶ ಕೊಟ್ಟು ನಡೆಸಿದ, 2004ರಲ್ಲಿ ಪ್ರಕಟವಾದ ಪ್ರಯೋಗ ಪ್ರಸಿದ್ಧ. ತೃಪ್ತಿ ಸೂಚಿಸುವ ಲೆಪ್ಟಿನ್ ಶೇ 18 ಇಳಿಯಿತು, ಹಸಿವು ಹುಟ್ಟಿಸುವ ಗ್ರೆಲಿನ್ ಶೇ 28 ಏರಿತು. ಸಿಹಿ, ಉಪ್ಪು, ಪಿಷ್ಟದ ತಿನಿಸುಗಳ ಮೇಲಿನ ಆಸೆ ಎಲ್ಲಕ್ಕಿಂತ ಹೆಚ್ಚಾಯಿತು. ಗ್ರಾನೈಟ್ ಘಟಕ, ಔಷಧ ಕಾರ್ಖಾನೆ, ಯಂತ್ರಭಾಗಗಳ ತಯಾರಿಕೆಗಳಿರುವ ಜಿಗಣಿ-ಬೊಮ್ಮಸಂದ್ರ ಪಟ್ಟಿಯಲ್ಲಿ ಪಾಳಿ ಬದಲಾದಾಗಲೆಲ್ಲ ನಿದ್ರೆ ಕೆಡುವುದು ಸಾಮಾನ್ಯ. ಅಂಥವರು ಉಪವಾಸದ ಅವಧಿಯನ್ನು ಹಿಗ್ಗಿಸುವ ಮೊದಲು ನಿದ್ರೆಯನ್ನು ಸರಿಪಡಿಸಿಕೊಳ್ಳುವುದು ಒಳಿತು.

ರಾತ್ರಿ ಪಾಳಿಯವರು ಊಟದ ಅವಧಿಯನ್ನು ನಡುರಾತ್ರಿಗೆ ಸರಿಸಿಕೊಳ್ಳುವುದು ಸರಳವೆನಿಸಬಹುದು. ಆದರೆ ಅಮೆರಿಕದಲ್ಲಿ 19 ಜನರ ಮೇಲೆ ಕೃತಕ ರಾತ್ರಿ ಪಾಳಿಯನ್ನು ಏರ್ಪಡಿಸಿ ನಡೆಸಿದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಾತ್ರಿ ಉಂಡವರ ಸರಾಸರಿ ಗ್ಲುಕೋಸ್ ಶೇ 6.4ರಷ್ಟು ಏರಿತು, ಹಗಲಿನಲ್ಲೇ ಉಂಡವರಲ್ಲಿ ಗಣನೀಯ ಏರಿಕೆ ಇರಲಿಲ್ಲ. ಪಾಳಿಗೆ ಹೊರಡುವ ಮುನ್ನ ಪೂರ್ಣ ಊಟ, ಬೆಳಿಗ್ಗೆ ಮರಳಿದ ಮೇಲೆ ಲಘು ಉಪಾಹಾರ ಎಂಬ ಏರ್ಪಾಡು ಹೆಚ್ಚು ಹೊಂದೀತು.

ಸೆಳೆತ ಎದ್ದ ಕ್ಷಣದಲ್ಲಿ ಒಂದು ಲೋಟ ನೀರು ಕುಡಿದು ನಡೆದಾಡುವುದೂ ಸಹಾಯಕ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ 2012ರ ಅಧ್ಯಯನವೊಂದರಲ್ಲಿ 15 ನಿಮಿಷ ಬಿರುಸಾಗಿ ನಡೆದು ಬಂದವರು ಕೆಲಸದ ಮೇಜಿನ ಮೇಲಿಟ್ಟ ಚಾಕೊಲೇಟನ್ನು ಉಳಿದವರಿಗಿಂತ ಸುಮಾರು ಅರ್ಧದಷ್ಟೇ ತಿಂದಿದ್ದರು. ಯೋಗದ ನೆರವು ಬಯಸುವವರಿಗೆ ಜಿಗಣಿ ಸಮೀಪದ ಪ್ರಶಾಂತಿ ಕುಟೀರ ಹತ್ತಿರದಲ್ಲೇ ಇದೆ. ಅಲ್ಲಿರುವ, 2002ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ (ಎಸ್-ವ್ಯಾಸ) ಸಂಶೋಧಕರು 2017ರ ‘ನಿಯಂತ್ರಿತ ಮಧುಮೇಹ ಭಾರತ’ ಕಾರ್ಯಕ್ರಮದಲ್ಲಿ ತೊಡಗಿಕೊಂಡಿದ್ದರು.

ಚಪಲವಲ್ಲದ ಸೆಳೆತ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜಿಸಿದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದ ಗ್ಲುಕೋಸ್ ಅಪಾಯಕಾರಿಯಾಗಿ ಕುಸಿಯಬಹುದು. ಬೆವರು, ಕೈನಡುಕ, ಎದೆಬಡಿತ, ಕಣ್ಣು ಮಂಜಾಗುವುದು, ವಿಪರೀತ ಹಸಿವು ಇದರ ಲಕ್ಷಣಗಳು. ಇದನ್ನೇ ‘ಸಿಹಿಯ ಆಸೆ’ ಎಂದು ಬಗೆದು ಹಲ್ಲುಕಚ್ಚಿ ತಡೆದುಕೊಂಡವರು ಕುಸಿದು ಬೀಳಬಹುದು. ಕಲ್ಲು ಕೊಯ್ಯುವ ಯಂತ್ರದ ಬಳಿಯೋ ಬೈಕಿನ ಮೇಲೋ ಹಾಗಾದರೆ ಪರಿಣಾಮ ಊಹಿಸಬಹುದು.

ಗ್ಲುಕೋಸ್ ಮಟ್ಟ 70 ಮಿ.ಗ್ರಾಂಗಿಂತ ಕೆಳಗಿಳಿದರೆ ಉಪವಾಸವನ್ನು ಅಲ್ಲಿಯೇ ನಿಲ್ಲಿಸಬೇಕು. ಮೂರು ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಮಟ್ಟ ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು, ಏರಿದ ಮೇಲೆ ಊಟ ಮಾಡಬೇಕು. ಈ ಹೊತ್ತಿಗೆ ಮೈಸೂರು ಪಾಕ್ ಅಥವಾ ಚಾಕೊಲೇಟ್ ತಕ್ಕುದಲ್ಲ. ಅವುಗಳಲ್ಲಿನ ಕೊಬ್ಬು ಸಕ್ಕರೆಯ ಹೀರಿಕೆಯನ್ನು ತಡಮಾಡುತ್ತದೆ. ಅಕಾರ್ಬೋಸ್, ವೋಗ್ಲಿಬೋಸ್ ಮಾತ್ರೆ ಸೇವಿಸುವವರಿಗೆ ಸಕ್ಕರೆ ನೀರೂ ಬೇಗ ಕೆಲಸ ಮಾಡದು, ಗ್ಲುಕೋಸ್ ಪುಡಿಯೇ ಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು.

ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ತಿನ್ನುವ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರಿಗೆ ಈ ಪದ್ಧತಿ ಸಲ್ಲದು. ಮಧುಮೇಹ ಅಥವಾ ರಕ್ತದೊತ್ತಡದ ಮಾತ್ರೆ ನುಂಗುವವರು ವೈದ್ಯರಿಂದ ಮಾತ್ರೆಯ ಪ್ರಮಾಣ ಹಾಗೂ ಸಮಯವನ್ನು ಮೊದಲು ಹೊಂದಿಸಿಕೊಂಡು, ಆಮೇಲಷ್ಟೇ ಉಪವಾಸದ ದಿನ ಗೊತ್ತುಮಾಡಬೇಕು. ಪಾಳಿಗೆ ಹೋಗುವಾಗ ಅಂಗಿಯ ಜೇಬಿನಲ್ಲಿ ಗ್ಲುಕೋಸ್ ಪುಡಿಯ ಒಂದು ಪೊಟ್ಟಣ ಇರಲಿ, ಅದು ಎಲ್ಲಿದೆಯೆಂಬುದು ಪಕ್ಕದ ಯಂತ್ರದಲ್ಲಿ ಕೆಲಸ ಮಾಡುವವರಿಗೂ ತಿಳಿದಿರಲಿ.